ಆಫ್ ಮಾಡಬಾರದ ಗಾಡಿಗಳು

ಅಳುವವರ ಎದುರು ಅವಳಿಗೆ ಮಾತು ಬರುತ್ತಿರಲಿಲ್ಲ. ಪ್ರೊಬೇಷನರಿ ಸಬ್ ಇನ್‌ಸ್ಪೆಕ್ಟರ್ ಆಗಿ ಈ ಠಾಣೆಗೆ ಬಂದಾಗಿನಿಂದ ಡೈರಿಯಲ್ಲಿ ಅವಳು ಮತ್ತೆ ಮತ್ತೆ ಬರೆದುಕೊಂಡಿದ್ದು ಇದನ್ನೇ. ಕಳ್ಳರ ಭಯವಿಲ್ಲ, ಹೆಣದ ಭಯವಿಲ್ಲ. ಯಾರಾದರೂ ಎದುರಿಗೆ ಕೂತು ಅತ್ತರೆ ಮಾತ್ರ ನಾಲಿಗೆ ಅಂಗುಳಿಗೆ ಅಂಟಿಕೊಂಡುಬಿಡುತ್ತದೆ. 'ಇಷ್ಟು ಓದಿ, ಇಷ್ಟು ಪರೀಕ್ಷೆ ಪಾಸು ಮಾಡಿ, ಒಂದು ಸಮಾಧಾನದ ಮಾತು ಆಡಲು ಬಾರದವಳು ಈ ಕೆಲಸಕ್ಕೆ ಯಾಕಾದರೂ ಬಂದೆ?' ಹಿಂದಿನ ದಿನವೂ ಹೀಗೇ ಬರೆದು ಪುಟ ಮಗುಚಿದ್ದಳು. ಅದಕ್ಕೇ ಆ ಮಂಗಳವಾರ ಬೆಳಿಗ್ಗೆ ನೆನೆದ ಸೀರೆಯ ಹೆಂಗಸೊಬ್ಬಳು ಠಾಣೆಯ ಮೆಟ್ಟಿಲು ಹತ್ತಿ ಬಂದಾಗ, ಕಡತದೊಳಗೆ ತಲೆ ಹುದುಗಿಸಿ, ಈಕೆ ರೈಟರ್ ಮೇಜಿಗೇ ಹೋಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.

ಹೆಂಗಸು ನೇರವಾಗಿ ಇವಳ ಮೇಜಿಗೇ ಬಂದಳು. ಅಳುತ್ತಿರಲಿಲ್ಲ. ಸಿಟ್ಟಿನಿಂದ ನಡುಗುತ್ತಿದ್ದಳು.

“ಬರ್ಕೊಳ್ಳಿ,” ಎಂದಳು, ಕುರ್ಚಿ ತೋರಿಸಿದರೂ ಕೂರದೆ. “ನನ್ನ ತಂಗಿ. ಸಿಗ್ನಲ್ ಎದುರಿಗೆ ಝೆರಾಕ್ಸ್ ಅಂಗಡಿ ಇಟ್ಕೊಂಡಿದ್ಳು. ಬೆಳಿಗ್ಗೆ ಷಟರ್ ಎತ್ತೋಕೆ ಬಗ್ಗಿದ್ದಾಳೆ, ಹಿಂದಿನಿಂದ ಟ್ಯಾಕ್ಸಿ ಬಂದು ಷಟರಿಗೇ ಒತ್ತಿಬಿಟ್ಟಿದೆ. ಆಸ್ಪತ್ರೆ ಮುಟ್ಟೋಷ್ಟರಲ್ಲಿ ಮುಗೀತು. ಫುಟ್‌ಪಾತ್ ಮೇಲೆ, ಮೇಡಂ! ರಸ್ತೆಗೆ ಇಳಿದವಳಲ್ಲ, ಯಾರಿಗೂ ಅಡ್ಡ ಹೋದವಳಲ್ಲ. ತನ್ನ ಅಂಗಡಿ ಬಾಗಿಲಲ್ಲಿ ತಾನು ನಿಂತವಳು.”

“ಡ್ರೈವರ್...”

“ಆ ನಾಯಿ ಒಳಗೇ ಕೂತಿದೆಯಂತಲ್ಲ. ಅದಕ್ಕೇನು ಮಾಡ್ತೀರಿ ಅದನ್ನ ಹೇಳಿ. ಬೇರೆ ಏನೂ ಕೇಳಬೇಡಿ ನನ್ನ.”

ಹೇಳಲು ಬಾಯಿ ತೆರೆದಳು. ಮಾತು ಹೊರಡಲಿಲ್ಲ. ದೂರು ಬರೆದು, ಓದಿ ಹೇಳಿ, ಸಹಿ ಹಾಕಿಸಿಕೊಂಡಳು. ಹತ್ತು ಗಂಟೆ ಹತ್ತು ನಿಮಿಷಕ್ಕೆ ಎಫ್‌ಐಆರ್ ದಾಖಲಾಯಿತು. ಅಜಾಗರೂಕ ಚಾಲನೆ, ನಿರ್ಲಕ್ಷ್ಯದಿಂದ ಸಾವು. ಆರೋಪಿ, ಟ್ಯಾಕ್ಸಿ ಕಂಪನಿಯೊಂದರ ಚಾಲಕ.

ಆ ಆರೋಪಿ ಇನ್‌ಸ್ಪೆಕ್ಟರ್ ಕೋಣೆಯಲ್ಲಿ ಕೈಕಟ್ಟಿ ನಿಂತಿದ್ದ. ವಯಸ್ಸು ಐವತ್ತರ ಆಸುಪಾಸು. ಮೊದಲು ವರ್ಷಾನುಗಟ್ಟಲೆ ಶಾಲೆಯ ವ್ಯಾನ್ ಓಡಿಸಿದವನು, ಟ್ಯಾಕ್ಸಿ ಕಂಪನಿಗೆ ಇತ್ತೀಚೆಗಷ್ಟೇ ಸೇರಿದ್ದ. ಕಂಪನಿಯ ಗಾಡಿಗಳೆಲ್ಲ ಹೈಬ್ರಿಡ್, ಪೆಟ್ರೋಲ್ ಎಂಜಿನ್ನೂ ಉಂಟು, ವಿದ್ಯುತ್ ಮೋಟಾರೂ ಉಂಟು.

“ಕುಡಿದಿದ್ಯಾ?” ಇನ್‌ಸ್ಪೆಕ್ಟರ್ ಕೇಳಿದರು.

“ಇಲ್ಲ ಸಾರ್. ಹೆಡ್ ಸಾಹೇಬ್ರು ಊದಿಸಿದ್ರು.”

“ಫೋನ್?”

“ಜೇಬಲ್ಲಿತ್ತು ಸಾರ್.”

“ನಿದ್ದೆಗೆಟ್ಟಿದ್ಯಾ?”

“ಆಗಷ್ಟೇ ಡ್ಯೂಟಿ ಹತ್ತಿದ್ದೆ ಸಾರ್. ಸಿಗ್ನಲ್ ಹಸಿರಾಯ್ತು. ಎಡಕ್ಕೆ ತಿರುಗಿಸಿದೆ. ಸ್ಟೇರಿಂಗ್ ತಿರುಗ್ತು, ಗಾಡಿ ತಿರುಗಲಿಲ್ಲ. ನೇರ ಹೋಯ್ತು. ಬ್ರೇಕ್ ಒತ್ತಿದೆ, ಅಷ್ಟರಲ್ಲಿ ಆ ತಾಯಿ...”

“ಅಂದ್ರೆ ತಪ್ಪು ನಿಂದು.”

“ನಂದೇ ಸಾರ್. ನನ್ನ ಕಾಲೇ ಏನೋ ಮಾಡಿರಬೇಕು. ಇನ್ನೇನು ಹೇಳಲಿ, ನಂದೇ ತಪ್ಪು.”

ಇನ್‌ಸ್ಪೆಕ್ಟರ್ ಅವಳ ಕಡೆ ತಿರುಗಿದರು. “ಒಪ್ಕೊಂಡ. ನೀರು ಕುಡಿದಷ್ಟು ಸಲೀಸು ಕೇಸು ಇದು. ಪಂಚನಾಮೆ, ಹೇಳಿಕೆ, ಆರೋಪಪಟ್ಟಿ, ಎಲ್ಲ ನೀವೇ ಮಾಡಿ. ಕೈ ಪಳಗಲಿ.”

ಸ್ಥಳ ಪಂಚನಾಮೆಗೆ ಹೊರಟಾಗ ಜೊತೆಗೆ ಬಂದವರು ಮೀಸೆ ಹೆಡ್. ಈ ಹೆಡ್ ಕಾನ್‌ಸ್ಟೆಬಲ್‌ರನ್ನು ಠಾಣೆಯಲ್ಲಿ ಎಲ್ಲರೂ ಹಾಗೇ ಕರೆಯುವುದು. ನಿಜ ಹೇಳಬೇಕೆಂದರೆ ಮೀಸೆ ತೆಗೆಸಿ ಎಷ್ಟೋ ಕಾಲವಾಗಿತ್ತು, ಹೆಸರು ಮಾತ್ರ ಉದುರಿರಲಿಲ್ಲ.

ತುಂತುರು ಮಳೆ ನಿಂತಿರಲಿಲ್ಲ. ಮೂರು ರಸ್ತೆ ಸೇರುವ ಜಾಗ. ನಿಲುಗಡೆಯ ಗೆರೆ ದಾಟಿದ ಕೂಡಲೇ ಪಾದಚಾರಿಗಳ ಬಿಳಿ ಪಟ್ಟೆಗಳು, ಅದರಾಚೆ ರಸ್ತೆ, ಅದರಾಚೆ ಫುಟ್‌ಪಾತ್, ಅದಕ್ಕಂಟಿ ಝೆರಾಕ್ಸ್ ಅಂಗಡಿ. ಷಟರ್ ಒಳಕ್ಕೆ ತಗ್ಗಿತ್ತು. ಅದರ ಕೆಳಗೆ ಬೀಗದ ಕೈಗೊಂಚಲು ಬಿದ್ದಿತ್ತು, ಒಂದು ಕೀಲಿ ಇನ್ನೂ ಬೀಗದಲ್ಲೇ ಇತ್ತು. ಅವಳು ಅದನ್ನು ಗುರುತು ಹಾಕಿಸಿ, ಫೋಟೊ ತೆಗೆಸಿ, ಲಕೋಟೆಗೆ ಹಾಕಿಸಿದಳು. ಕಾರು ಮೂತಿ ಜಜ್ಜಿಸಿಕೊಂಡು ಅಲ್ಲೇ ನಿಂತಿತ್ತು.

“ಬೆಳಿಗ್ಗೆ ಬಂದ ತಕ್ಷಣ ಗಾಡಿ ಆಫ್ ಮಾಡಿದ್ದು ನಾನೇ,” ಎಂದರು ಮೀಸೆ ಹೆಡ್. “ಹಾಗೇ ಬರ್ಕೊಳ್ಳಿ. ನಿಂತ ಗಾಡಿ ಆನ್ ಇದ್ರೆ ನನಗೆ ಮೈಯೆಲ್ಲ ಕಡಿಯುತ್ತೆ. ಮನೇಲಿ ಫ್ಯಾನೂ ಬಿಡಲ್ಲ. ಹೆಂಡತಿ ಅದರ ಕೆಳಗೇ ಕೂತಿರ್ತಾಳೆ, ನಾನು ಆಫ್ ಮಾಡಿರ್ತೀನಿ.”

ಅವಳಿಗೆ ನಗು ಬಂತು, ನುಂಗಿಕೊಂಡಳು. ಕಣ್ಣು ಬಿಳಿ ಪಟ್ಟೆಗಳ ಮೇಲಿತ್ತು. ಗೆರೆಯಿಂದ ಶುರುವಾಗಿ ಪಟ್ಟೆಗಳುದ್ದಕ್ಕೂ ಎರಡು ಕಪ್ಪು ಉಜ್ಜು ಗುರುತು, ರಬ್ಬರಿನವು. ಬ್ರೇಕ್ ಹಾಕಿ ಜಾರಿದ್ದರೆ ಗುರುತು ಅಂಗಡಿಯ ಕಡೆ ಇರಬೇಕಿತ್ತು. ಇವು ಹೊರಟ ಜಾಗದಲ್ಲೇ ಇದ್ದವು. ನಿಂತಲ್ಲೇ ಚಕ್ರ ಗರಗರ ಸುತ್ತಿದ ಗುರುತು. ಅಳೆಸಿ ನಕ್ಷೆಗೆ ಸೇರಿಸಿದಳು. ಯಾಕೆ ಎಂದು ಗೊತ್ತಿರಲಿಲ್ಲ, ಕಂಡದ್ದನ್ನು ಬಿಡುವ ಅಭ್ಯಾಸ ಅವಳಿಗಿರಲಿಲ್ಲ, ಅಷ್ಟೆ.

ಸಿಗ್ನಲ್ ಕಂಬದ ಪಕ್ಕದಲ್ಲಿ ಪತ್ರಿಕೆ ಮಾರುವವನು ಪ್ಲಾಸ್ಟಿಕ್ ಹೊದಿಕೆಯೊಳಗಿನಿಂದ ತಲೆ ಹೊರಹಾಕಿದ.

“ನೋಡಿದ್ರಾ?” ಕೇಳಿದಳು.

“ನೋಡದೆ? ನನ್ನ ಪಕ್ಕದಲ್ಲೇ ನಿಂತಿತ್ತಲ್ಲ ಆ ದರಿದ್ರ ಗಾಡಿ. ಹೊಗೆಯೆಲ್ಲ ನನ್ನ ಮುಖಕ್ಕೆ. ಗೊರಗೊರ ಅಂತ ಗೊರಕೆ ಬೇರೆ.”

“ಹೈಬ್ರಿಡ್ ಗಾಡಿ ನಿಂತಾಗ ಸದ್ದು ಮಾಡಲ್ಲ ಅಂತಾರಲ್ಲ.”

“ಊರಿನ ಬೇರೆ ಗಾಡಿಗಳು ಮಾಡಲ್ಲ ಮೇಡಂ. ಬಂದು ನಿಂತ್ರೆ ಸತ್ತ ಹಾಗೆ ಸುಮ್ಮನಿರ್ತಾವೆ. ಗೊರಕೆ ಹೊಡಿಯೋದು ಈ ಕಂಪನಿದು ಮಾತ್ರ. ದಿನಾ ಸಹಿಸ್ಕೊಂಡು ಕೂತಿದೀನಿ, ಯಾರಿಗೆ ಹೇಳಲಿ? ಆಮೇಲೆ ಹಸಿರು ಬಿತ್ತು, ಕಿರ್ ಅಂತ ಎಗರ್ತು. ಎಡಕ್ಕೆ ಇಂಡಿಕೇಟರ್ ಹಾಕ್ಕೊಂಡೇ ನೇರ ಹೋಯ್ತು.”

“ವೇಗವಾಗಿತ್ತಾ?”

“ವೇಗ ಎಲ್ಲಿಂದ ಬರ್ಬೇಕು, ನಿಂತಿದ್ದ ಗಾಡಿಗೆ? ಹತ್ತು ಹೆಜ್ಜೆ ಜಾಗ ಇಲ್ಲ.”

ಅವಳು ಮೀಸೆ ಹೆಡ್ ಕಡೆ ತಿರುಗಿದಳು. “ನೀವು ಆಫ್ ಮಾಡಿದಾಗ ಎಂಜಿನ್ ಸದ್ದಿತ್ತಾ?”

“ಇತ್ತಮ್ಮ. ಅದಕ್ಕೇ ತಾನೇ ಆಫ್ ಮಾಡಿದ್ದು.”

ಸಂಜೆ ಇನ್‌ಸ್ಪೆಕ್ಟರ್‌ಗೆ ಇದನ್ನೆಲ್ಲ ಹೇಳಿದಾಗ ಅವರು ಕನ್ನಡಕ ಹಣೆಗೇರಿಸಿದರು. “ಪೇಪರ್ ಮಾರೋನು ಗಾಡಿಯ ಗೊರಕೆ ಕೇಳಿದನಂತೆ. ಇದನ್ನ ಕೋರ್ಟಲ್ಲಿ ಹೇಳ್ತೀರಾ?” ಅವಳ ಮುಖ ಕೆಂಪಾಯಿತು. ನಕ್ಷೆ ಮಡಚಿ ಕಡತದೊಳಗಿಟ್ಟಳು.

ಚಾಲಕನಿಗೆ ಜಾಮೀನು ಸಿಕ್ಕಿತು. ಕಂಪನಿ ಅದೇ ದಿನ ಕೆಲಸದಿಂದ ತೆಗೆಯಿತು. ಬುಧವಾರ ಬೆಳಿಗ್ಗೆ ನೋಡಿದರೆ ಯಾರೂ ಕರೆಯದಿದ್ದರೂ ಠಾಣೆಯ ಬೆಂಚಿನ ಮೇಲೆ ಬಂದು ಕೂತಿದ್ದ.

“ಏನಪ್ಪಾ, ಮನೆ ಇಲ್ವಾ ನಿಂಗೆ?” ಮೀಸೆ ಹೆಡ್ ಗದರಿದರು.

“ಇದೆ ಸಾರ್. ಹೆಂಡತಿ ಏನೂ ಕೇಳಲ್ಲ. ಊಟ ಬಡಿಸ್ತಾಳೆ, ಮುಖ ನೋಡ್ತಾಳೆ. ಅದಕ್ಕಿಂತ ಇಲ್ಲೇ ವಾಸಿ. ನೀವಾದ್ರೂ ಬೈತೀರಿ.”

ಅವನನ್ನು ದಾಟಿ ಹೋಗುವಾಗಲೆಲ್ಲ ಅವಳಿಗೆ ಮುಂದಿನದೆಲ್ಲ ಕಾಣುತ್ತಿತ್ತು. ಆರೋಪಪಟ್ಟಿ ಹೋದರೆ ಈತ ನ್ಯಾಯಾಧೀಶರ ಮುಂದೆಯೂ ಹೀಗೇ ಕೈಕಟ್ಟಿ 'ನಂದೇ ತಪ್ಪು' ಎನ್ನುತ್ತಾನೆ. ಜೈಲಿಗೆ ಹೋಗುತ್ತಾನೆ. ಅಲ್ಲಿಗೆ ಕಡತ ಮುಚ್ಚುತ್ತದೆ. ಎಲ್ಲರಿಗೂ ಅನುಕೂಲ.

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಮೋಟಾರು ವಾಹನ ನಿರೀಕ್ಷಕರು ಬಂದರು. ಠಾಣೆಯ ಹಿಂದಿನ ಅಂಗಳದಲ್ಲಿದ್ದ ಕಾರಿನ ಬ್ರೇಕ್, ಸ್ಟೇರಿಂಗ್, ಟೈರ್ ಎಲ್ಲ ನೋಡಿದರು. ಎಲ್ಲ ಸರಿ ಇತ್ತು.

“ಯಾಂತ್ರಿಕ ದೋಷ ಇಲ್ಲ ಅಂತ ಬರೀತೀನಿ.”

“ಸರ್, ಒಂದು ನಿಮಿಷ.” ಅವಳ ದನಿ ಅವಳಿಗೇ ಕೇಳಿಸದಷ್ಟು ಸಣ್ಣಗಿತ್ತು. ಬಿಳಿ ಪಟ್ಟೆಗಳ ಮೇಲಿನ ಗುರುತಿನ ಫೋಟೊ ಚಾಚಿದಳು. ನಿರೀಕ್ಷಕರು ನೋಡಿದರು. ಮತ್ತೊಮ್ಮೆ ನೋಡಿದರು.

“ಇದು ಈ ಗಾಡಿದಲ್ಲ.”

“ಇದರದೇ ಸರ್. ಟೈರಿನ ಅಚ್ಚು ಹೊಂದುತ್ತೆ.”

“ಆಗೋಕಿಲ್ಲ. ಬನ್ನಿ, ತೋರಿಸ್ತೀನಿ.”

ಹಳೆಯ ಟಾರ್ಪಾಲು ತರಿಸಿ ಮುಂದಿನ ಚಕ್ರಗಳ ಕೆಳಗೆ ಹಾಸಿಸಿದರು. ಅದರ ಮೇಲೆ ನೀರು ಸುರಿಸಿ, ಪಾತ್ರೆ ತೊಳೆಯುವ ಸೋಪು ಹಿಂಡಿಸಿದರು. ತಾವೇ ಒಳಗೆ ಕೂತು ಪೆಡಲನ್ನು ಜೋರಾಗಿ ತುಳಿದರು. ಕಾರು ಒಮ್ಮೆ ನಡುಗಿತು, ಡ್ಯಾಷ್‌ಬೋರ್ಡಿನಲ್ಲಿ ಹಳದಿ ದೀಪ ಪಟಪಟ ಮಿನುಗಿತು. ಚಕ್ರ ಅರ್ಧ ಸುತ್ತು ಜಾರಿ ಹಿಡಿದುಕೊಂಡಿತು. ಅಷ್ಟೇ. ಕಾರು ಮುಂದೆ ಹೋಗಲೂ ಇಲ್ಲ, ಎಗರಲೂ ಇಲ್ಲ.

“ನೋಡಿ. ವಿದ್ಯುತ್ ಮೋಟಾರು ನಿಂತಲ್ಲಿಂದಲೇ ತನ್ನ ಶಕ್ತಿಯೆಲ್ಲ ಒಂದೇ ಸಲಕ್ಕೆ ಕೊಡುತ್ತೆ. ಒದ್ದೆ ರಸ್ತೇಲಿ ಹಾಗೆ ಕೊಟ್ರೆ ಚಕ್ರ ಗಿರಗಿರ ಸುತ್ತುತ್ತೆ. ಸುತ್ತೋ ಚಕ್ರಕ್ಕೆ ದಾರಿ ಹಿಡಿಯೋಕೆ ಬರಲ್ಲ, ಸ್ಟೇರಿಂಗ್ ಎಷ್ಟು ತಿರುಗಿಸಿದ್ರೂ ಗಾಡಿ ಮೂಗಿನ ನೇರಕ್ಕೇ ಹೋಗುತ್ತೆ. ಅದಕ್ಕೇ ಟ್ರ್ಯಾಕ್ಷನ್ ಕಂಟ್ರೋಲ್ ಅಂತ ಇಟ್ಟಿರೋದು. ಚಕ್ರ ಜಾರಿದ ಕೂಡಲೇ ಶಕ್ತಿ ಕತ್ತರಿಸಿಬಿಡುತ್ತೆ. ಕೆಲವರು ಇದನ್ನೇ ದಮ್ಮಿಲ್ಲದ ಗಾಡಿ ಅಂತ ಬೈತಾರೆ. ಕೆಸರಲ್ಲೋ ನುಣುಪಿನ ಏರಲ್ಲೋ ಸಿಕ್ಕಿಕೊಂಡ್ರೆ ಹತ್ತೋಕೇ ಬಿಡಲ್ಲ, ಮೊಂಡು. ಆದ್ರೆ ರಸ್ತೇಲಿ ಪ್ರಾಣ ಉಳಿಸೋದು ಆ ಮೊಂಡುತನವೇ.”

“ಅದು ಕೆಲಸ ಮಾಡದ ಹಾಗೆ ಮಾಡಬಹುದಾ ಸರ್?”

“ಈ ಗಾಡೀಲಿ ಅದಕ್ಕೆ ಗುಂಡಿ ಇಲ್ಲ. ಹಾಂ, ವರ್ಕ್‌ಶಾಪ್ ಮೋಡ್ ಅಂತ ಇದೆ. ಷೆಡ್ಡಿನಲ್ಲಿ ರೋಲರ್ ಮೇಲೆ ಚಕ್ರ ಓಡಿಸಿ ನೋಡೋಕೆ. ಪೆಡಲ್ಲು, ಗೇರು ಒಂದು ಲೆಕ್ಕದಲ್ಲಿ ಒತ್ತಬೇಕು. ಆಗ ಕಂಟ್ರೋಲ್ ಮಲಗುತ್ತೆ.”

“ಆ ಮೋಡ್‌ನಲ್ಲಿ... ಗಾಡಿ ನಿಂತಾಗ ಎಂಜಿನ್ ನಿಲ್ಲುತ್ತಾ?”

“ನಿಲ್ಲಲ್ಲ. ಓಡ್ತಾನೇ ಇರುತ್ತೆ.” ಹೇಳಿದವರೇ ಅವಳ ಮುಖ ನೋಡಿದರು. “ಯಾಕೆ?”

“ಆಮೇಲೆ ಅದು ಹೋಗೋದು ಹೇಗೆ?”

“ಗಾಡಿ ಒಂದು ಸಲ ಆಫ್ ಮಾಡಿದ್ರೆ ಸಾಕು. ಕುರುಹೂ ಇರಲ್ಲ.”

ಪಕ್ಕದಲ್ಲಿದ್ದ ಮೀಸೆ ಹೆಡ್ ಇಲ್ಲದ ಮೀಸೆಯ ಮೇಲೆ ಕೈಯಾಡಿಸಿಕೊಂಡರು. “ಅಯ್ಯೋ, ಸಾಕ್ಷಿಯ ಬಾಯಿಗೆ ಬೀಗ ಜಡಿದೋನು ನಾನೇನಾ?”

ಅವಳು ಕಾರಿನೊಳಗೆ ತಲೆ ಹಾಕಿ ಡ್ಯಾಷ್‌ಬೋರ್ಡಿನ ಪರದೆ ನೋಡುತ್ತಿದ್ದಳು. ಎಡ ಮೂಲೆಯಲ್ಲಿ ಬೆರಳುದ್ದದ ಆಯತಾಕಾರದ ಅಂಟು. ಅಂಚಿನಲ್ಲಿ ಧೂಳು ಇನ್ನೂ ಕೂತಿರಲಿಲ್ಲ. ಯಾವುದೋ ಸ್ಟಿಕರನ್ನು ಈಚೆಗೆ ಕಿತ್ತ ಹಾಗಿತ್ತು. ಮಂಗಳವಾರದ ಫೋಟೊಗಳನ್ನು ತೆಗೆದು ನೋಡಿದಳು. ಗಾಜಿನಾಚೆಯಿಂದ ತೆಗೆದ ಒಂದರಲ್ಲಿ ಆ ಮೂಲೆಯಲ್ಲಿ ನೀಲಿ ಚೀಟಿಯಿತ್ತು.

ಪಹರೆಯ ಕಾನ್‌ಸ್ಟೆಬಲ್‌ನನ್ನು ಕರೆಸಿದಳು.

“ನಿನ್ನೆ ಈ ಗಾಡಿ ಹತ್ತಿರ ಯಾರು ಬಂದಿದ್ರು?”

“ಅವರ ಗ್ಯಾರೇಜ್ ಮ್ಯಾನೇಜರ್ ಬಂದಿದ್ರು ಮೇಡಂ. ಇನ್ಶೂರೆನ್ಸಿಗೆ ಫೋಟೊ ಬೇಕು ಅಂದ್ರು. ಪಾಪ, ತುಂಬಾ ಮರ್ಯಾದಸ್ಥರು. ಒಳಗೆ ಕೂತು ಒಂದೆರಡು ತಗೊಂಡು ಹೋದ್ರು.”

“ತುಂಬಾ ಮರ್ಯಾದಸ್ಥರು,” ಎಂದರು ಮೀಸೆ ಹೆಡ್, ಹಲ್ಲು ಕಚ್ಚಿ. “ಮರ್ಯಾದೆ ಇರೋರನ್ನ ಕಂಡ್ರೆ ನಿಂಗೆ ಕಣ್ಣು ಕಾಣಲ್ವೇನೋ?”

ಅವಳು ಬೆಂಚಿನ ಬಳಿ ಹೋದಳು. ಚಾಲಕ ಎದ್ದು ನಿಂತ.

“ಕೂತ್ಕೊಳ್ಳಿ. ನಿಮ್ಮ ಗಾಡಿ ಆಫ್ ಮಾಡ್ತಿದ್ರಾ?”

“ಇಲ್ಲ ಮೇಡಂ. ಆಫ್ ಮಾಡೋ ಹಾಗಿಲ್ಲ. ಹಿಂದಿನ ಪಾಳಿಯವನು ಇಳೀತಾನೆ, ನಾನು ಹತ್ತುತೀನಿ. ಊಟಕ್ಕೆ ನಿಲ್ಲಿಸಿದ್ರೂ ಆನ್‌ನಲ್ಲೇ ಲಾಕ್ ಮಾಡ್ಕೊಂಡು ಹೋಗ್ಬೇಕು. ಆಫ್ ಮಾಡಿದ್ರೆ ಮ್ಯಾನೇಜರು ಅಪ್ಪ ಅಮ್ಮ ಅಂತ ನೋಡದೆ ಬೈತಾರೆ.”

“ಯಾಕೆ ಅಂತ ಕೇಳಲಿಲ್ವಾ?”

“ಹೊಸ ಥರದ ಗಾಡಿ, ಅದರ ಕ್ರಮವೇ ಹಾಗೇನೋ ಅಂದ್ಕೊಂಡೆ. ಮುಟ್ಟಿದ್ರೆ ಸಾಕು ಎಗರ್ತಿತ್ತು. ಅದೂ ಹಾಗೇನೋ ಅಂದ್ಕೊಂಡೆ.”

“ಪರದೆಯ ಮೂಲೇಲಿ ಏನಿತ್ತು?”

“ಕಂಪನಿ ಸ್ಟಿಕರ್ ಮೇಡಂ. 'ನಿಮ್ಮ ಸುರಕ್ಷತೆಯೇ ನಮ್ಮ ಸಂತೋಷ' ಅಂತ.”

ಸಿಟ್ಟು ಎಂಬುದು ಮೈಯಲ್ಲಿ ಎಲ್ಲಿ ಹುಟ್ಟುತ್ತದೆ ಎಂದು ಅವಳಿಗೆ ಅಂದು ಗೊತ್ತಾಯಿತು, ಹೊಕ್ಕುಳ ಹತ್ತಿರ.

ಇನ್‌ಸ್ಪೆಕ್ಟರ್ ಎಲ್ಲವನ್ನೂ ಕೇಳಿ ಕುರ್ಚಿ ಹಿಂದಕ್ಕೊರಗಿದರು. “ಒಪ್ಪಿಕೊಂಡವನನ್ನ ಬಿಟ್ಟು ಒಪ್ಪದವನನ್ನ ಹುಡ್ಕೊಂಡು ಹೋಗ್ತೀನಿ ಅಂತೀರಿ.”

ಅವಳು ಎರಡು ಫೋಟೊ ಮೇಜಿನ ಮೇಲಿಟ್ಟಳು, ಸ್ಟಿಕರ್ ಇದ್ದದ್ದು, ಇಲ್ಲದ್ದು. ಅವರು ಅವನ್ನು ಅಕ್ಕಪಕ್ಕ ಸರಿಸಿ ಬಹಳ ಹೊತ್ತು ನೋಡಿದರು.

“ನಮ್ಮ ಅಂಗಳಕ್ಕೇ ಬಂದು ಕಿತ್ಕೊಂಡು ಹೋದ್ನಾ?” ಎಂದರು ಕೊನೆಗೆ. ದನಿ ಬದಲಾಗಿತ್ತು. “ನಾಳೆ ಬೆಳಿಗ್ಗೆ ಹೋಗಿ. ನಿರೀಕ್ಷಕರನ್ನೂ ಪಂಚರನ್ನೂ ಕರ್ಕೊಂಡೇ ಹೋಗಿ. ಮೊದಲೇ ತಿಳಿಸಬೇಡಿ.”

ಶುಕ್ರವಾರ ಬೆಳಿಗ್ಗೆ ಏಳೂ ಕಾಲು. ಟ್ಯಾಕ್ಸಿ ಕಂಪನಿಯ ಗ್ಯಾರೇಜು ಕಟ್ಟಡವೊಂದರ ನೆಲಮಾಳಿಗೆ. ಪಾಳಿ ಬದಲಾಗುವ ಹೊತ್ತು. ಕಾರುಗಳು ಒಳಗಿಳಿದು ನೊರೆ ಹಚ್ಚಿಸಿಕೊಂಡು, ನೀರು ಹೊಡೆಸಿಕೊಂಡು, ಸಾಲಾಗಿ ಇಳಿಜಾರು ಹತ್ತಿ ಬೀದಿಗೆ ಹೋಗುತ್ತಿದ್ದವು. ಆ ಇಳಿಜಾರು ಚಕ್ರ ತಿರುಗಿ ತಿರುಗಿ ಕನ್ನಡಿಯಂತೆ ನುಣುಪಾಗಿತ್ತು, ಅದರ ಮೇಲೆ ಸೋಪಿನ ನೊರೆ ಇಳಿದುಬರುತ್ತಿತ್ತು. ಪ್ರತಿಯೊಂದು ಕಾರೂ ಅಲ್ಲಿ ಕಿರ್ರೆಂದು ಕಿರುಚಿ, ಅತ್ತಿತ್ತ ಮೂತಿ ಆಡಿಸಿ, ರಬ್ಬರು ಸುಟ್ಟ ನಾತ ಬಿಟ್ಟು ಮೇಲೇರುತ್ತಿತ್ತು. ಇಳಿಜಾರಿನ ನೆತ್ತಿಯಲ್ಲಿ ಗಾಜಿನ ಕೋಣೆ, ಮಾಲೀಕರದು. ಅಲ್ಲಿ ಕೂತರೆ ಇಡೀ ಸಾಲು ಕಾಣುತ್ತದೆ.

ಮ್ಯಾನೇಜರ್ ಕೊರಳಿಗೆ ಸೀಟಿ ನೇತುಹಾಕಿಕೊಂಡು ಓಡಿಬಂದ. ಇಸ್ತ್ರಿ ಮಾಡಿದ ಅಂಗಿ, ಕೈಜೋಡಿಸಿದ ಭಂಗಿ.

“ಬನ್ನಿ ಮೇಡಂ, ಹೇಳಿ ಕಳಿಸಿದ್ರೆ ನಾನೇ ಬರ್ತಿದ್ನಲ್ಲ. ಪಾಪ, ಆ ಹೆಣ್ಣುಮಗಳು. ನಾವು ಆ ಡ್ರೈವರನ್ನ ಅವತ್ತೇ ತೆಗೆದ್ವಿ. ವಯಸ್ಸಾಗಿತ್ತು ಮೇಡಂ, ಹೊಸ ಗಾಡಿ ಅವರಿಗೆ ಅರ್ಥವಾಗಲ್ಲ.”

ಅವಳು ಸಾಲಿನತ್ತ ನೋಡುತ್ತ ನಿಂತಳು. ಏಳೆಂಟು ಗಾಡಿ, ಎಲ್ಲವೂ ನಿಂತಲ್ಲೇ ಗೊರಗೊರ.

ಸಾಲಿನ ಮುಂದಿನ ಕಾರಿನ ಚಾಲಕ ಬಾಗಿಲು ತೆರೆದಿಟ್ಟು ಹಿಂದಿನ ಗಾಜು ಒರೆಸಲು ಇಳಿದಿದ್ದ. ಮೀಸೆ ಹೆಡ್ ಅತ್ತ ಅಡ್ಡಾಡುತ್ತ ಹೋದವರು, ನಿಂತ ಗಾಡಿ ಓಡುತ್ತಿರುವುದನ್ನು ಕಂಡು, ಕೈ ತಡೆಯಲಾರದೆ ಒಳಗೆ ಬಾಗಿ ಗುಂಡಿ ಒತ್ತಿಬಿಟ್ಟರು. ಗೊರಕೆ ನಿಂತಿತು. ಚಾಲಕ ಬಂದು ಕೂತು, ಯಾಕೆ ಆಫ್ ಆಯಿತೆಂದು ಯೋಚಿಸದೆ ಮತ್ತೆ ಆನ್ ಮಾಡಿ ಹೊರಟ. ಕಾರು ಸದ್ದಿಲ್ಲದೆ ಇಳಿಜಾರಿಗೆ ಬಂತು. ನಡುಮಧ್ಯದಲ್ಲಿ ಒಮ್ಮೆ ನಡುಗಿ ನಿಂತಿತು. ಚಾಲಕ ಪೆಡಲ್ ತುಳಿದ. ಹಳದಿ ದೀಪ ಮಿನುಗಿತು. ಕಾರು ಕದಲಲಿಲ್ಲ, ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು. ಹಿಂದಿನ ಗಾಡಿಗಳು ಹಾರ್ನ್ ಹೊಡೆದವು. ಮೇಲಿನ ಗಾಜಿನ ಕೋಣೆಯಿಂದ ಟಕ್ ಟಕ್ ಎಂದು ಸದ್ದು ಬಂತು.

ಮ್ಯಾನೇಜರ್ ಪೊಲೀಸರನ್ನು ಮರೆತ. ಸೀಟಿ ಊದಿ ಕೂಗಿದ: “ಯಾವನೋ ಅವನು ಆಫ್ ಮಾಡಿದ್ದು? ಬಾಯಿ ಬಡ್ಕೊಂಡು ಬಡ್ಕೊಂಡು ಹೇಳಿದೀನಿ, ಆಫ್ ಮಾಡಬೇಡ್ರೋ, ಆಫ್ ಮಾಡಿದ್ರೆ ಹತ್ತಲ್ಲ ಅಂತ!”

“ನಾನು ಸ್ವಾಮಿ,” ಎಂದರು ಮೀಸೆ ಹೆಡ್, ವಿನಯದಿಂದ. “ಹುಟ್ಟುಗುಣ.”

ಸೀಟಿ ಮ್ಯಾನೇಜರನ ತುಟಿಯಿಂದ ಜಾರಿ ಎದೆಗೆ ಬಿತ್ತು.

“ಆಫ್ ಮಾಡಿದ್ರೆ ಯಾಕೆ ಹತ್ತಲ್ಲ?” ಅವಳು ಕೇಳಿದಳು.

“ಅದು... ಬ್ಯಾಟರಿ ಮೇಡಂ. ತಣ್ಣಗಾಗುತ್ತೆ.”

“ಉಳಿದವು ಹತ್ತುತ್ತಿವೆ.”

“ಅವು ಬಿಸಿ ಇವೆ ಮೇಡಂ.”

ನಿರೀಕ್ಷಕರು ಸದ್ದು ಮಾಡದೆ ನಕ್ಕರು. ಅವಳು ಹಿಂದೆ ಇನ್ನೂ ಗೊರಗುಡುತ್ತ ನಿಂತಿದ್ದ ಕಾರಿನ ಬಾಗಿಲು ತೆರೆದಳು. ಪರದೆಯ ಎಡ ಮೂಲೆಯಲ್ಲಿ ನೀಲಿ ಸ್ಟಿಕರ್. ಪಂಚರನ್ನು ಹತ್ತಿರ ಕರೆದು, ಉಗುರಿನಿಂದ ಅಂಚು ಎಬ್ಬಿಸಿ ಮೆಲ್ಲಗೆ ಸುಲಿದಳು. ಸುರಕ್ಷತೆ, ಸಂತೋಷ ಎಲ್ಲ ಬೆರಳಿಗೆ ಬಂತು. ಅದರಡಿಯಲ್ಲಿ ಹಳದಿ ಅಕ್ಷರಗಳು ಹೊಳೆಯುತ್ತಿದ್ದವು: ವರ್ಕ್‌ಶಾಪ್ ಮೋಡ್. ಟ್ರ್ಯಾಕ್ಷನ್ ಕಂಟ್ರೋಲ್ ಇಲ್ಲ. ರಸ್ತೆಯಲ್ಲಿ ಓಡಿಸಬೇಡಿ.

ಅದರ ಹಿಂದಿನ ಕಾರಿನಲ್ಲೂ ಅದೇ. ಮತ್ತೂ ಹಿಂದಿನದರಲ್ಲೂ ಅದೇ.

ಆಗ ಗಾಜು ಒರೆಸುತ್ತಿದ್ದ ಚಾಲಕ ಕಾರಿಳಿದು ಹತ್ತಿರ ಬಂದು ಓದಿದ. ಅವನ ಮುಖ ಬಿಳಿಚಿತು. “ಇಂಥ ಗಾಡೀಲಿ ಕೂರಿಸ್ಕೊಂಡು ನನ್ನ ಮಗಳನ್ನ ಕಾಲೇಜಿಗೆ ಬಿಟ್ಟಿದೀನಲ್ಲೋ, ಪಾಪಿ!” ಎಂದು ಮ್ಯಾನೇಜರನ ಕಡೆ ತಿರುಗಿದ. ಆಮೇಲೆ ಅವಳಿಗೆ ಹೇಳಿದ: “ಈ ಸ್ಟಿಕರ್ ಮೊದಲಿರಲಿಲ್ಲ ಮೇಡಂ. ಹಿಂದೆ ಮಳೇಲಿ ಒಂದು ಗಾಡಿ ಕಂಬಕ್ಕೆ ಹೋಯ್ತು. ಆ ಡ್ರೈವರು ಪರದೇಲಿ ಏನೋ ಹಳದಿ ಅಕ್ಷರ ಬರ್ತಿತ್ತು ಅಂತ ಗಲಾಟೆ ಮಾಡಿದ. ಅವನನ್ನ ಕೆಲಸದಿಂದ ತೆಗೆದ್ರು. ಮಾರನೇ ದಿನದಿಂದ ಎಲ್ಲಾ ಗಾಡಿಗೂ ಸ್ಟಿಕರ್ ಬಂತು.”

ಅವಳು ಕೈಯಲ್ಲಿದ್ದ ನೀಲಿ ಚೀಟಿ ನೋಡಿದಳು. ಕಂಬ ಎಚ್ಚರಿಸಿತ್ತು. ಎಚ್ಚರಿಕೆಗೆ ಇವರು ಹಾಕಿದ್ದು ಮುಚ್ಚಳ. ಗೊತ್ತಿಲ್ಲದೆ ಆಗಿದ್ದರೆ ಅದೊಂದು ಮಾತು. ಗೊತ್ತಾದ ಮೇಲೆ, ಗೊತ್ತಾಗದಂತೆ ಅಂಟಿಸಿದ್ದು ಇದು. ಅಂಟಿಸಿ ಆ ವ್ಯಾನ್ ಓಡಿಸುತ್ತಿದ್ದ ಮನುಷ್ಯನ ಕೈಗೆ ಸ್ಟೇರಿಂಗ್ ಕೊಟ್ಟಿದ್ದರು. ಅವನು ಬೆಂಚಿನ ಮೇಲೆ ಕೂತು ತನ್ನ ಕಾಲನ್ನೇ ಬೈದುಕೊಳ್ಳುತ್ತಿದ್ದಾನೆ.

ಎಂಟು ಐವತ್ತಕ್ಕೆ ಜಪ್ತಿ ಪಂಚನಾಮೆ ಮುಗಿಯಿತು. ಕಾರುಗಳು, ಸ್ಟಿಕರುಗಳು, ಮ್ಯಾನೇಜರನ ಕಪಾಟಿನಲ್ಲಿದ್ದ ಉಳಿದ ಸ್ಟಿಕರಿನ ಸುರುಳಿ. ಕೊಲೆಯಲ್ಲದ ಮಾನವ ಹತ್ಯೆ, ಸಾಕ್ಷ್ಯನಾಶ ಎಂಬ ಆರೋಪಗಳ ಮೇಲೆ ಗ್ಯಾರೇಜ್ ಮ್ಯಾನೇಜರನನ್ನು ಬಂಧಿಸಲಾಯಿತು. ಅವನು ಜೀಪು ಹತ್ತುವಾಗ ಗಾಜಿನ ಕೋಣೆಯ ಪರದೆ ಎಳೆದಿತ್ತು.

ವಿಚಾರಣೆಯಲ್ಲಿ ಅವನು ಹೆಚ್ಚು ಹೊತ್ತು ತಡೆಯಲಿಲ್ಲ.

“ಯಾರು ಹೇಳಿಕೊಟ್ರು?” ಇನ್‌ಸ್ಪೆಕ್ಟರ್ ಕೇಳಿದರು.

“ಸರ್ವೀಸಿನವನೊಬ್ಬ ಗಾಡಿ ಪರೀಕ್ಷೆ ಮಾಡುವಾಗ ನೋಡ್ಕೊಂಡೆ ಸಾರ್.”

“ಇಳಿಜಾರು ಹತ್ತಿದ ಮೇಲೆ ಆಫ್ ಮಾಡಿ ಆನ್ ಮಾಡಬಹುದಿತ್ತಲ್ಲ.”

“ಮತ್ತೆ ಒಳಗೆ ಬಂದಾಗ ಪ್ರತಿ ಗಾಡಿಗೂ ಪೆಡಲ್ ಲೆಕ್ಕ ಒತ್ತಬೇಕು ಸಾರ್. ಸಾಲು ನಿಲ್ಲುತ್ತೆ.”

“ಎಂಜಿನ್ ಓಡ್ತಾನೇ ಇದ್ರೆ ಪೆಟ್ರೋಲ್ ಹೆಚ್ಚಾಗಲ್ವಾ?”

ಅವನು ತಲೆ ತಗ್ಗಿಸಿದ. “ಆಯ್ತು. ಡ್ರೈವರುಗಳು ಕದೀತಾರೆ ಅಂತ ಮಾಲೀಕರಿಗೆ ಹೇಳಿದೆ.”

ಮೀಸೆ ಹೆಡ್ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡರು. ಗೋಡೆಗೊರಗಿ ಬರೆದುಕೊಳ್ಳುತ್ತಿದ್ದ ಅವಳ ಪೆನ್ನು ಕಾಗದ ಹರಿಯಿತು.

“ಆ ಇಳಿಜಾರಿಗೆ ಉಳಿ ಹಿಡಿದು ನಾಲ್ಕು ಗೆರೆ ಹೊಡೆಸಿದ್ರೆ ಆಗ್ತಿರಲಿಲ್ವಾ?” ಎಂದು ಕೇಳಿದಳು.

“ಹೇಳಿದೆ ಮೇಡಂ, ಒಂದು ಸಲ. 'ಇಳಿಜಾರು ಒಡೆಯೋ ದಿನ ಗಾಡಿ ಎಲ್ಲಿಂದ ಹೋಗ್ತಾವೆ?' ಅಂದ್ರು ಮಾಲೀಕರು. ಆಮೇಲೆ ಕೇಳಲಿಲ್ಲ.” ಅವನು ತನ್ನ ಅಂಗೈ ನೋಡಿಕೊಂಡ. “ಗಾಡಿ ನಿಂತ್ರೆ ಮೇಲಿಂದ ಗಾಜು ಬಡೀತಾರೆ ಮೇಡಂ. ಬೆರಳಲ್ಲಿರೋ ಉಂಗುರದಿಂದ. ಟಕ್ ಟಕ್, ಟಕ್ ಟಕ್. ಎಲ್ಲರ ಮುಂದೆ, ನಾಯಿ ಕರೆದ ಹಾಗೆ. ಮನೇಲಿ ಯಾರಾದ್ರೂ ಲೋಟ ಕೆಳಗಿಟ್ರೂ ಬೆಚ್ಚಿಬೀಳ್ತಿದ್ದೆ. ಆ ಸದ್ದೊಂದು ನಿಂತ್ರೆ ಸಾಕಾಗಿತ್ತು ನಂಗೆ. ಈ ಮೋಡ್ ಹಾಕಿದ ಮೇಲೆ ನಿಂತಿತ್ತು.”

ಹೇಳಿಕೆಯ ಕೊನೆಗೆ ಅವನು ಸಹಿ ಹಾಕಿದ. ಮಾಲೀಕನಿಗೆ ಹಾಜರಾಗುವಂತೆ ನೋಟಿಸ್ ಹೋಯಿತು, ಅವನ ಬದಲು ವಕೀಲರು ಫೋನ್ ಮಾಡಿದರು. ಇನ್‌ಸ್ಪೆಕ್ಟರ್ ಫೋನಿಗೆ, “ಉಂಗುರ ಹಾಕ್ಕೊಂಡೇ ಬರೋಕೆ ಹೇಳಿ ಸ್ವಾಮಿ,” ಎಂದು ಹೇಳಿ ಇಟ್ಟರು.

ಸಂಜೆ ಐದಕ್ಕೆ ಸತ್ತವಳ ಅಕ್ಕ ಬಂದಳು. ಇನ್‌ಸ್ಪೆಕ್ಟರ್ ಆಕೆಯನ್ನು ಕೂರಿಸಿ ತನಿಖೆಯ ವಿವರ ಹೇಳಿದರು. ವರ್ಕ್‌ಶಾಪ್ ಮೋಡ್, ಜಪ್ತಿ, ಕಲಂ, ಪೂರಕ ವರದಿ. ಆಕೆ ಕೇಳುತ್ತ ಹೋದಳು, ಕೇಳುತ್ತ ಮುಖ ಕಲ್ಲಾಯಿತು. ಅರ್ಧಕ್ಕೇ ಎದ್ದು ಹೊರಗೆ ಬಂದಳು. ಬೆಂಚಿನ ಮೇಲೆ ಆ ಚಾಲಕ ಕೂತಿದ್ದ. ಆಕೆಯನ್ನು ಕಂಡು ಎದ್ದವನು ಕೈ ಮುಗಿಯಲೂ ಧೈರ್ಯವಿಲ್ಲದೆ ಗೋಡೆಗೆ ಅಂಟಿ ನಿಂತ. ಇಬ್ಬರ ನಡುವೆ ಎರಡು ಮಾರಿನಷ್ಟು ಜಾಗ. ಠಾಣೆಯಲ್ಲಿದ್ದವರೆಲ್ಲ ಮಾಡುತ್ತಿದ್ದ ಕೆಲಸ ಬಿಟ್ಟು ನೋಡಿದರು.

ಆಕೆಯ ಕಣ್ಣಲ್ಲಿ ಈಗ ನೀರಿತ್ತು. ಅದು ಕೆನ್ನೆಗಿಳಿಯಲು ಬಿಟ್ಟು, ಬಾಗಿಲ ಬಳಿ ನಿಂತಿದ್ದ ಎಸ್‌ಐ ಕಡೆ ತಿರುಗಿದಳು.

“ಸಾಹೇಬರು ಏನೇನೋ ಹೇಳಿದ್ರು, ನಂಗೆ ಅರ್ಥ ಆಗಲಿಲ್ಲ. ನೀವು ಹೇಳಿ ಮೇಡಂ. ಇವನು ಗುದ್ದಿದ್ದು ತಾನೇ? ತಾನೇ ಒಪ್ಕೊಂಡ ಅಂತ ಮೊದಲು ಠಾಣೆಯವರೇ ಹೇಳಿದ್ರಲ್ಲ? ನಾಯಿ ಅಂದೆನಲ್ಲ ನಾನು ಇವನಿಗೆ!”

ಇನ್‌ಸ್ಪೆಕ್ಟರ್ ಬಾಗಿಲಿಗೆ ಬಂದು ನಿಂತಿದ್ದರು. ಚಾಲಕ ಬಾಯಿ ತೆರೆದ, ಬಹುಶಃ ಮತ್ತೆ ಅದೇ ಮಾತು ಹೇಳಲು.

ಅವಳು ಅವನಿಗೆ ಅವಕಾಶ ಕೊಡಲಿಲ್ಲ. ಇಡೀ ಠಾಣೆಗೆ ಕೇಳುವಂತೆ ಹೇಳಿದಳು:

“ಇವರದು ತಪ್ಪಿಲ್ಲಮ್ಮ. ಒಪ್ಕೊಂಡ್ರಲ್ಲ ಅಂತ ನಾವೇ ಕೇಳೋದು ನಿಲ್ಲಿಸಿಬಿಟ್ಟಿದ್ವಿ.”